.300 ವಿನ್ ಮ್ಯಾಗ್‌ಗೆ ಹ್ಯಾಂಡ್‌ಲೋಡ್ ಮಾಡೋದು ಹೇಗೆ: ಖಾಲಿ ಕೇಸಿಂದ ಎಲ್ಕ್ ಸೀಸನ್ ತನಕ

.300 ವಿಂಚೆಸ್ಟರ್ ಮ್ಯಾಗ್ನಮ್ ತಗೊಂಡು ಒಂದೆರಡು ಬಾಕ್ಸ್ ಫ್ಯಾಕ್ಟರಿ ತೋಟಾ ಹೊಡೆದ ಮೇಲೆ ಬಹುತೇಕ ಎಲ್ರಿಗೂ ಒಂದು ಯೋಚನೆ ಬರುತ್ತೆ, ಈ ಖಾಲಿ ಕೇಸ್ (ತೋಟಾದ ಹಿತ್ತಾಳೆ ಕವಚ) ಎಸೆಯೋ ಬದಲು ಹೊಸ ಪ್ರೈಮರ್ (ಮದ್ದಿಗೆ ಬೆಂಕಿ ಹತ್ತಿಸೋ ಕೇಪು), ಮದ್ದು, ಬುಲೆಟ್ ಹಾಕಿ ನಾವೇ ತುಂಬ್ಕೋಬಾರ್ದಾ ಅಂತ, ಇದಕ್ಕೇ ಹ್ಯಾಂಡ್‌ಲೋಡಿಂಗ್ ಅನ್ನೋದು. ಖಂಡಿತ ತುಂಬ್ಕೋಬಹುದು, ಅಮೆರಿಕದಲ್ಲಿ ಸ್ವಂತ ಬಳಕೆಗೆ ಲೋಡ್ ಮಾಡ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ, ಮಾರೋಕೆ ಶುರು ಮಾಡಿದ್ರೆ ಮಾತ್ರ ಬೇಕು. ಆದ್ರೆ ಮ್ಯಾಗ್ನಮ್ ಲೋಡ್ ಮಾಡೋದಕ್ಕೂ .308 ತರದ ಸಾಮಾನ್ಯ ರೈಫಲ್ ತೋಟಾ ಲೋಡ್ ಮಾಡೋದಕ್ಕೂ ವ್ಯತ್ಯಾಸ ಇದೆ, ಮದ್ದು ಜಾಸ್ತಿ, ಪ್ರೆಶರ್ ಜಾಸ್ತಿ, ಕೇಸ್ ಬೇಗ ಸುಸ್ತಾಗುತ್ತೆ. ಅದಕ್ಕೇ ಸ್ಪೀಡ್ ಬಗ್ಗೆ ಕಮ್ಮಿ, ಕೇಸ್ ಬಗ್ಗೆ ಜಾಸ್ತಿ ಬರೀತಿದ್ದೀನಿ.

ಕಾನೂನು ಮೊದಲು ಹೇಳ್ಬಿಡ್ತೀನಿ. ಎಚ್-1ಬಿ ತರದ ನಾನ್‌ಇಮಿಗ್ರೆಂಟ್ ವೀಸಾದಲ್ಲಿರೋರು ಅಮೆರಿಕದಲ್ಲಿ ಕೋವಿನೂ ಇಟ್ಕೊಳ್ಳೋ ಹಾಗಿಲ್ಲ, ಅಮ್ಯುನಿಷನ್ನೂ ಇಟ್ಕೊಳ್ಳೋ ಹಾಗಿಲ್ಲ, ಯಾವುದಾದ್ರೂ ಸ್ಟೇಟಿನ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ತರದ ವಿನಾಯಿತಿ ಇದ್ರೆ ಮಾತ್ರ ಆಗುತ್ತೆ, ಆ ಲೈಸೆನ್ಸ್ ಎಕ್ಸ್‌ಪೈರ್ ಆದ ದಿನ ವಿನಾಯಿತಿನೂ ಮುಗೀತು. ಗ್ರೀನ್ ಕಾರ್ಡ್ ಇದ್ದೋರಿಗೆ ಈ ತಾಪತ್ರಯ ಇಲ್ಲ. ಅನುಮಾನ ಇದ್ರೆ ಲಾಯರ್ ಹತ್ರ ಕೇಳಿ, ಗನ್ ಅಂಗಡಿಯೋರ ಮಾತು ನಂಬ್ಕೊಂಡು ಕೂರ್ಬೇಡಿ. ಇನ್ನು ಊರಲ್ಲಿ ಓದ್ತಿರೋರಿಗೆ: ಇಂಡಿಯಾದಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ನಿಷಿದ್ಧ, ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಇಲ್ದೆ ತೋಟಾ ತಯಾರಿಸೋದು ಅಪರಾಧ. ಕೊಡಗಿನವರಿಗೆ ಕೋವಿ ವಿನಾಯಿತಿ ಇದೆಯಲ್ಲ ಅಂದ್ರೆ, ಅದು ಇಟ್ಕೊಳ್ಳೋಕೆ, ತಯಾರಿಸೋಕಲ್ಲ. ಹಾಗಾಗಿ ಮುಂದಿನದ್ದೆಲ್ಲ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಬೇಟೆ ಆಡೋರಿಗೆ ಅಂತಲೇ ಓದ್ಕೊಳ್ಳಿ.

ಈ ಕಾರ್ಟ್ರಿಡ್ಜ್ ಎಂಥದ್ದು

ವಿಂಚೆಸ್ಟರ್ ಇದನ್ನ 1963ರಲ್ಲಿ ತಂದಿದ್ದು. ಮೂಲ 1912ರ .375 ಎಚ್ ಆಂಡ್ ಎಚ್ ಮ್ಯಾಗ್ನಮ್, ಕೇಸಿನ ಬುಡದಲ್ಲಿ ಕಾಣೋ ಆ ಬೆಲ್ಟ್ (ದಪ್ಪ ಉಂಗುರ) ಅಲ್ಲಿಂದಲೇ ಬಂದಿದ್ದು. ಎಚ್ ಆಂಡ್ ಎಚ್‌ಗೆ ಭುಜ (ಕೇಸಿನ ಮೈ ಕಿರಿದಾಗಿ ನೆಕ್‌ಗೆ ಸೇರೋ ಜಾಗ) ಇಳಿಜಾರು, ಚೇಂಬರ್‌ನಲ್ಲಿ (ಬ್ಯಾರೆಲ್ಲಲ್ಲಿ ತೋಟಾ ಕೂರೋ ಗೂಡು) ಎಲ್ಲಿ ನಿಲ್ಬೇಕು ಅನ್ನೋದಕ್ಕೆ ಬೆಲ್ಟ್ ಬೇಕಿತ್ತು. ವಿನ್ ಮ್ಯಾಗ್‌ನ ಭುಜ 25 ಡಿಗ್ರಿ, ಕೇಸ್ ಭುಜದ ಮೇಲೇ ಚೆನ್ನಾಗಿ ನಿಲ್ಲುತ್ತೆ, ಬೆಲ್ಟಿನ ಅಗತ್ಯನೇ ಇರ್ಲಿಲ್ಲ. ಆದ್ರೂ ಬಂತು, ಬಂದು ಹ್ಯಾಂಡ್‌ಲೋಡರ್‌ಗಳಿಗೆ ಒಂದು ತಲೆನೋವು ತಂತು, ಅದನ್ನ ಸೈಜಿಂಗ್ ಭಾಗದಲ್ಲಿ ಹೇಳ್ತೀನಿ.

ಅಳತೆಗಳು ಇವು: ಬುಲೆಟ್ ವ್ಯಾಸ .308 ಇಂಚು, ಕೇಸ್ ಉದ್ದ ಗರಿಷ್ಠ 2.620 ಇಂಚು, ಟ್ರಿಮ್ ಮಾಡಿದ್ರೆ 2.610, ಪೂರ್ತಿ ತೋಟಾದ ಉದ್ದ 3.340, ಸಾಮಿ ಅನ್ನೋ ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆ ಇಟ್ಟಿರೋ ಪ್ರೆಶರ್ ಮಿತಿ 64,000 ಪಿಎಸ್‌ಐ. 180 ಗ್ರೇನ್ (ತೂಕದ ಸಣ್ಣ ಅಳತೆ) ಬುಲೆಟ್ ಸೆಕೆಂಡಿಗೆ 2950 ಅಡಿ ಸ್ಪೀಡಲ್ಲಿ ಹೊರಟ್ರೆ ಸುಮಾರು 3480 ಫುಟ್-ಪೌಂಡ್ ಶಕ್ತಿ ಆಗುತ್ತೆ. ಕೊಲರಾಡೋದಲ್ಲಿ ಎಲ್ಕ್ (ದೊಡ್ಡ ಜಿಂಕೆ ಜಾತಿ) ಬೇಟೆಗೆ ಕಾನೂನು ಕೇಳೋದು 100 ಗಜದಲ್ಲಿ 1000 ಫುಟ್-ಪೌಂಡ್, ಬುಲೆಟ್ ಕನಿಷ್ಠ 85 ಗ್ರೇನ್. ಅಂದ್ರೆ ಶಕ್ತಿ ನಿಮ್ಮ ಕೈಲಿ ಬೇಕಾದಷ್ಟು ಇದೆ, ಕೊನೇ 50 ಅಡಿ ಸ್ಪೀಡಿಗೋಸ್ಕರ ಮಿತಿ ಹತ್ರ ಹೋಗಿ ಒದ್ದಾಡೋ ಕಾರಣವೇ ಇಲ್ಲ.

ಬೇಕಾಗೋ ಸಾಮಾನು

ಸಿಂಗಲ್ ಸ್ಟೇಜ್ ಪ್ರೆಸ್ ಸಾಕು, ಬೇಟೆಗೆ ವರ್ಷಕ್ಕೆ ಎಷ್ಟು ತೋಟಾ ಬೇಕಾಗುತ್ತೆ ಹೇಳಿ. ಫುಲ್ ಲೆಂಗ್ತ್ ಸೈಜಿಂಗ್ ಡೈ, ಸೀಟಿಂಗ್ ಡೈ, ಮ್ಯಾಗ್ನಮ್ ಶೆಲ್ ಹೋಲ್ಡರ್, ಕೇಸ್ ಟ್ರಿಮ್ಮರ್, ಬಾಯಿ ಅಂಚು ನಯ ಮಾಡೋ ಟೂಲ್, ಲೂಬ್, ಫನಲ್, ಲೋಡಿಂಗ್ ಬ್ಲಾಕ್, ಸ್ಕೇಲ್, ಕ್ಯಾಲಿಪರ್. ಇದರ ಮೇಲೆ ಎರಡು ವಸ್ತು ತಗೊಳ್ಲೇಬೇಕು: ಒಂದು ಕ್ಯಾಲಿಪರ್‌ಗೆ ಸಿಕ್ಕಿಸೋ ಹೆಡ್‌ಸ್ಪೇಸ್ ಕಂಪ್ಯಾರೇಟರ್ (ಕೇಸಿನ ಬುಡದಿಂದ ಭುಜಕ್ಕೆ ಎಷ್ಟು ಅಂತ ಅಳೆಯೋದು), ಇನ್ನೊಂದು ಬುಲೆಟ್ ಸ್ಪೀಡ್ ಅಳೆಯೋ ಕ್ರೋನೋಗ್ರಾಫ್. ಇವೆರಡೂ ಇಲ್ದೆ ಮ್ಯಾಗ್ನಮ್ ಲೋಡ್ ಡೆವಲಪ್ ಮಾಡೋದು ಕಣ್ಣು ಕಟ್ಕೊಂಡು ನಡೆದ ಹಾಗೆ. ಸ್ಕೇಲಿಗೆ ಚೆಕ್ ವೆಯ್ಟ್ ಇಟ್ಕೊಳ್ಳಿ, ಡಿಜಿಟಲ್ ಸ್ಕೇಲು ಫ್ಯಾನ್ ಗಾಳಿಗೆ, ಪಕ್ಕದಲ್ಲಿರೋ ಫೋನಿಗೆ ಎಲ್ಲ ಅಲ್ಲಾಡುತ್ತೆ. ಒಂದು ಗ್ರೇನ್ ಅಂದ್ರೆ 0.065 ಗ್ರಾಂ, ಒಂದು ಪೌಂಡಿಗೆ 7000 ಗ್ರೇನ್, ಅಷ್ಟು ಸಣ್ಣ ಅಳತೆ ಇದು.

ಸೇಫ್ಟಿ ಗ್ಲಾಸ್ ಯಾವಾಗ್ಲೂ ಹಾಕ್ಕೊಳ್ಳಿ. ಪ್ರೈಮರ್‌ಗಳು ಬಂದ ಬಾಕ್ಸಲ್ಲೇ ಇರ್ಲಿ, ಮದ್ದು ಬಂದ ಡಬ್ಬೀಲೇ ಇರ್ಲಿ, ಎರಡೂ ಬೇರೆ ಬೇರೆ ಕಡೆ, ಮಕ್ಕಳ ಕೈಗೆ ಎಟಕದ ಕಡೆ.

ರೆಸಿಪಿ ಎಲ್ಲಿಂದ

ಚಾರ್ಜ್ ತೂಕ ಇಲ್ಲಿ ಬೇಕಂತಲೇ ಬರೀತಿಲ್ಲ. ನನ್ನ ರೈಫಲ್ಲಿಗೆ ಸರಿ ಇರೋ ನಂಬರ್ ನಿಮ್ಮ ರೈಫಲ್ಲಲ್ಲಿ ಬೋಲ್ಟ್ ಜಾಮ್ ಮಾಡ್ಬಹುದು, ಚೇಂಬರು, ಥ್ರೋಟು (ಚೇಂಬರ್ ಮುಂದೆ ಬ್ಯಾರೆಲ್ ಗೀರು ಶುರುವಾಗೋ ಜಾಗ), ಕೇಸಿನ ದಪ್ಪ ಎಲ್ಲ ಬೇರೆ ಬೇರೆ. ಹಾಜ್ಡನ್, ಹಾರ್ನಡಿ, ನಾಸ್ಲರ್, ಸಿಯೆರಾ ಇವರೆಲ್ಲ ಪ್ರಕಟಿಸೋ ಡೇಟಾ ತಗೊಳ್ಳಿ, ಆಗೋದಾದ್ರೆ ಎರಡು ಮ್ಯಾನ್ಯುಯಲ್ ಪಕ್ಕ ಪಕ್ಕ ಇಟ್ಟು ನೋಡಿ. ಒಂದರ ಮ್ಯಾಕ್ಸಿಮಮ್ ಇನ್ನೊಂದಕ್ಕಿಂತ ಕಮ್ಮಿ ಇರುತ್ತೆ, ಗಾಬರಿ ಆಗ್ಬೇಡಿ, ಅವರು ಟೆಸ್ಟ್ ಮಾಡಿದ ಬ್ಯಾರೆಲ್ ಬೇರೆ, ಬುಲೆಟ್ ಬೇರೆ. ಕಮ್ಮಿ ಇರೋದನ್ನೇ ನಿಮ್ಮ ಮಿತಿ ಅಂತ ಇಟ್ಕೊಳ್ಳಿ. ಯಾರೋ ಗೆಳೆಯ ವಾಟ್ಸಾಪಲ್ಲಿ ಕಳಿಸಿದ ನಂಬರ್ ಮ್ಯಾನ್ಯುಯಲ್‌ನಲ್ಲಿ ಇಲ್ಲ ಅಂದ್ರೆ ಆ ಲೋಡ್ ಇಲ್ಲ ಅಂತಲೇ ಲೆಕ್ಕ.

ಬುಲೆಟ್ ಮೊದಲು ಆರಿಸಿ, ಆಮೇಲೆ ಮದ್ದು. ಎಲ್ಕ್ ಅಂದ್ರೆ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ, ಭುಜದ ಮೂಳೆ ಗಟ್ಟಿ, ಹತ್ತಿರದಿಂದ ಮ್ಯಾಗ್ನಮ್ ಸ್ಪೀಡಲ್ಲಿ ಹೊಡೆದ್ರೆ ತೆಳು ಬುಲೆಟ್ ಪುಡಿ ಆಗೋಗುತ್ತೆ. ಜಾನ್ ನಾಸ್ಲರ್ ಅನ್ನೋರು 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಇನ್ನೂ ದೊಡ್ಡ ಜಿಂಕೆ ಜಾತಿ) ಬೇಟೆಗೆ ಹೋದಾಗ ಅವರ ಮ್ಯಾಗ್ನಮ್ ಬುಲೆಟ್‌ಗಳು ಒಳಗೇ ಹೋಗ್ದೆ ಒಡೆದು ಹೋದವು, ಅದರಿಂದ ಹುಟ್ಟಿದ್ದೇ ಪಾರ್ಟಿಷನ್ ಬುಲೆಟ್, ಮಧ್ಯದಲ್ಲಿ ತಾಮ್ರದ ಗೋಡೆ ಇರೋದು, ಇವತ್ತಿಗೂ ಮಾರಾಟ ಆಗ್ತಿದೆ. ಪಾರ್ಟಿಷನ್, ಅಕ್ಯುಬಾಂಡ್ ತರದ ಬಾಂಡೆಡ್ (ಒಳಗಿನ ಸೀಸನ ಹೊರ ಕವಚಕ್ಕೆ ಬೆಸೆದದ್ದು), ಅಥವಾ ಬಾರ್ನ್ಸ್ ಟಿಟಿಎಸ್‌ಎಕ್ಸ್ ತರದ ಪೂರ್ತಿ ತಾಮ್ರದ್ದು, ಯಾವುದಾದ್ರೂ ಸರಿ. ಕ್ಯಾಲಿಫೋರ್ನಿಯಾದವರಿಗೆ ಆಯ್ಕೆ ಇಲ್ಲ, 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಬುಲೆಟ್ ಪೂರ್ತಿ ಬಂದ್, ತಾಮ್ರನೇ ಗತಿ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಉದ್ದ ಜಾಸ್ತಿ ಬರುತ್ತೆ, ಕೇಸ್ ಒಳಗಿನ ಜಾಗ ತಿನ್ನುತ್ತೆ, ಅದಕ್ಕೆ ಸೀಸದ ಬುಲೆಟ್ ಡೇಟಾ ತಾಮ್ರಕ್ಕೆ ಹಾಕೋ ಹಾಗಿಲ್ಲ. ಸಾಧ್ಯ ಆದ್ರೆ 180 ಬದಲು 165 ಅಥವಾ 168 ಗ್ರೇನಿಗೆ ಇಳೀರಿ.

ಮದ್ದು ಅಂದ್ರೆ ಇಲ್ಲಿ ನಿಧಾನಕ್ಕೆ ಉರಿಯೋವು: ಎಚ್1000, ಎಚ್4831ಎಸ್‌ಸಿ, ಐಎಂಆರ್ 7828, ರೀಲೋಡರ್ 22 ಇಂಥವು. ಹೆಸರು ಒಂದೇ ತರ ಕಂಡ್ರೂ ಎಚ್4831 ಬೇರೆ, ಐಎಂಆರ್ 4831 ಬೇರೆ, ಒಂದರ ಡೇಟಾ ಇನ್ನೊಂದಕ್ಕೆ ಹಾಕಿದ್ರೆ ಅಪಾಯ. ನಾನು ಎಚ್1000 ಕಡೆಗೇ ವಾಲೋದು, ಕಾರಣ ಟೆಂಪರೇಚರ್. ಕೆಲವು ಮದ್ದು ಬಿಸಿಲಲ್ಲಿ ಜೋರಾಗಿ, ಚಳೀಲಿ ಮೆತ್ತಗೆ ಉರಿಯುತ್ತೆ, ಆಗಸ್ಟ್ ಬಿಸಿಲಲ್ಲಿ ಟೆಸ್ಟ್ ಮಾಡಿ ನವೆಂಬರ್‌ನ ಹಿಮದಲ್ಲಿ ಬೇಟೆ ಆಡೋರಿಗೆ ಆ ವ್ಯತ್ಯಾಸ ಕಮ್ಮಿ ಇರೋ ಮದ್ದೇ ವಾಸಿ.

ಪ್ರೈಮರ್, ಅಂದ್ರೆ ನಮ್ಮ ಕಡೆ ಕೇಪು ಅಂತೀವಲ್ಲ, ಲಾರ್ಜ್ ರೈಫಲ್ ಮ್ಯಾಗ್ನಮ್ ಬೇಕು: ಫೆಡರಲ್ 215, ಸಿಸಿಐ 250 ಇತ್ಯಾದಿ. 70 ಗ್ರೇನ್ ಆಸುಪಾಸಿನ ನಿಧಾನ ಮದ್ದಿನ ರಾಶಿಗೆ ಚಳೀಲಿ ಸರಿಯಾಗಿ ಬೆಂಕಿ ಹತ್ಬೇಕಂದ್ರೆ ಜೋರಾದ ಕಿಡಿ ಬೇಕು. ಪ್ರೈಮರ್ ಬ್ರ್ಯಾಂಡ್ ಬದಲಾಯಿಸಿದ್ರೆ ಲೋಡ್ ಮತ್ತೆ ಕೆಳಗಿಂದ ಶುರು, ಕೇಸ್ ಬ್ರ್ಯಾಂಡ್ ಬದಲಾದ್ರೂ ಅಷ್ಟೇ, ಮದ್ದಿನ ಲಾಟ್ ಬದಲಾದ್ರೂ ಸ್ವಲ್ಪ ಇಳಿದು ನೋಡ್ಲೇಬೇಕು.

ಕೇಸ್ ತಯಾರಿ, ಇಲ್ಲಿ ಟೈಮ್ ಕೊಡಿ

ಬಹಳಷ್ಟು ಜನ ಮಾಡೋದು ಏನಂದ್ರೆ ಸೈಜಿಂಗ್ ಡೈ ಶೆಲ್ ಹೋಲ್ಡರ್‌ಗೆ ಮುಟ್ಟೋ ತನಕ ತಿರುಗಿಸಿ, ಇನ್ನೊಂದು ಕಾಲು ಸುತ್ತು ಕೊಟ್ಟು, ಬಂದದ್ದು ಬರ್ಲಿ ಅಂತ ಎಲ್ಲ ಕೇಸ್ ಒತ್ತೋದು. ಬೆಲ್ಟೆಡ್ ಮ್ಯಾಗ್ನಮ್‌ನಲ್ಲಿ ಇದೇ ಕೇಸ್ ಕೊಲ್ಲೋದು. ಫ್ಯಾಕ್ಟರಿಯವರು ಹೆಡ್‌ಸ್ಪೇಸ್‌ನ, ಅಂದ್ರೆ ಕೇಸ್ ಚೇಂಬರ್‌ನಲ್ಲಿ ಎಲ್ಲಿ ನಿಲ್ಲುತ್ತೆ ಅನ್ನೋ ಅಳತೆನ, ಬೆಲ್ಟಿನಿಂದ ಲೆಕ್ಕ ಹಾಕೋದ್ರಿಂದ ಚೇಂಬರಿನ ಭುಜದ ಹತ್ರ ಜಾಗ ಧಾರಾಳ ಬಿಟ್ಟಿರ್ತಾರೆ. ಹೊಸ ಕೇಸ್ ಹೊಡೆದಾಗ ಭುಜ ಮುಂದಕ್ಕೆ ಹೋಗಿ ಚೇಂಬರ್ ತುಂಬುತ್ತೆ, ಆ ಉದ್ದ ಎಲ್ಲಿಂದ ಬಂತು ಅಂದ್ರೆ ಬೆಲ್ಟಿನ ಸ್ವಲ್ಪ ಮೇಲೆ ಹಿತ್ತಾಳೆ ಎಳೆದು ತೆಳು ಆಗಿರುತ್ತೆ. ನೀವು ಡೈ ಪೂರ್ತಿ ಇಳಿಸಿ ಭುಜನ ಹಿಂದಕ್ಕೆ ತಳ್ಳಿದ್ರೆ ಮುಂದಿನ ಸಲ ಮತ್ತೆ ಎಳೆಯುತ್ತೆ, ಮತ್ತೆ ತೆಳು ಆಗುತ್ತೆ, ಮೂರು ನಾಲ್ಕು ಸಲಕ್ಕೆ ಕೇಸ್ ಅಲ್ಲೇ ಎರಡು ತುಂಡು. ಬುಡ ಈಚೆ ಬರುತ್ತೆ, ಉಳಿದರ್ಧ ಚೇಂಬರ್ ಒಳಗೇ ಸಿಕ್ಕಾಕ್ಕೊಳ್ಳುತ್ತೆ, ಗ್ಯಾಸ್ ಹಿಂದಕ್ಕೆ ಬಂದ್ರೆ ಮುಖಕ್ಕೇ ಬರುತ್ತೆ.

ಹಾಗಾಗಿ ಬೆಲ್ಟ್ ಮರೆತುಬಿಡಿ, ಭುಜದ ಲೆಕ್ಕದಲ್ಲಿ ಸೈಜ್ ಮಾಡಿ. ನಿಮ್ಮ ರೈಫಲ್ಲಲ್ಲೇ ಹೊಡೆದ ಕೇಸಿನ ಹಳೇ ಪ್ರೈಮರ್ ತೆಗೆದು, ಕಂಪ್ಯಾರೇಟರ್‌ನಲ್ಲಿ ಬುಡದಿಂದ ಭುಜಕ್ಕೆ ಎಷ್ಟು ಅಂತ ಅಳೆದು ಬರ್ಕೊಳ್ಳಿ. ಒಂದೇ ಸಲ ಹೊಡೆದ ಕೇಸ್ ಕೆಲವೊಮ್ಮೆ ಪೂರ್ತಿ ಹಿಗ್ಗಿರಲ್ಲ, ಎರಡು ಸಲ ಹೊಡೆದದ್ದು ಸಿಕ್ಕಿದ್ರೆ ಅದನ್ನೇ ಅಳೀರಿ. ಆಮೇಲೆ ಡೈ ಮೇಲಕ್ಕೇ ಇಟ್ಟು ಶುರು ಮಾಡಿ, ಒಂದು ಕೇಸ್ ಒತ್ತಿ, ಅಳೀರಿ, ಡೈ ಸ್ವಲ್ಪ ಇಳಿಸಿ, ಮತ್ತೆ ಅಳೀರಿ. ಭುಜ 0.002 ಇಂಚು ಮಾತ್ರ ಹಿಂದೆ ಹೋಗ್ಬೇಕು. ಡೈ ಥ್ರೆಡ್ಡು ಇಂಚಿಗೆ 14, ಅಂದ್ರೆ ಒಂದು ಪೂರ್ತಿ ಸುತ್ತಿಗೆ 0.071 ಇಂಚು, 0.002 ಇಂಚಿಗೆ ಬರೀ 10 ಡಿಗ್ರಿ ತಿರುವು ಸಾಕು, ಕೈಯಲ್ಲಿ ಗೊತ್ತೇ ಆಗಲ್ಲ ಅಷ್ಟು. ಮೊದಮೊದಲು ಭುಜ ಹಿಂದೆ ಹೋಗೋ ಬದಲು ಮುಂದೆ ಬಂದ ಹಾಗೆ ಅಳತೆ ತೋರಿಸ್ಬಹುದು, ಮೈ ಒತ್ತಿದಾಗ ಹಿತ್ತಾಳೆ ಮೇಲಕ್ಕೆ ಹರಿಯುತ್ತೆ, ಅದು ಸಹಜ, ಇನ್ನೂ ಸ್ವಲ್ಪ ಇಳಿಸಿ.

ಲೂಬ್ ತೆಳ್ಳಗೆ ಮೈಗೆ ಮಾತ್ರ ಸವರಿ. ಕಮ್ಮಿ ಆದ್ರೆ ಕೇಸ್ ಡೈ ಒಳಗೆ ಕಚ್ಕೊಳ್ಳುತ್ತೆ, ಭುಜದ ಮೇಲೆ ಜಾಸ್ತಿ ಆದ್ರೆ ಅಲ್ಲಿ ಗುಳಿ ಬೀಳುತ್ತೆ. ಕೆಲಸ ಮುಗಿದ ಮೇಲೆ ಪೂರ್ತಿ ಒರೆಸಿಬಿಡಿ.

ಈಗ ಪೇಪರ್ ಕ್ಲಿಪ್ ಪರೀಕ್ಷೆ. ಒಂದು ಕ್ಲಿಪ್ ನೇರ ಮಾಡಿ, ತುದಿ ಮೊನಚು ಮಾಡಿ, ಕೊಕ್ಕೆ ತರ ಸಣ್ಣಗೆ ಬಗ್ಗಿಸಿ, ಕೇಸ್ ಒಳಗೆ ಬುಡದ ತನಕ ಬಿಟ್ಟು ಗೋಡೆಗೆ ಒತ್ತಿ ನಿಧಾನಕ್ಕೆ ಮೇಲಕ್ಕೆ ಎಳೀರಿ. ಚೆನ್ನಾಗಿರೋ ಕೇಸಲ್ಲಿ ನುಣ್ಣಗೆ ಜಾರುತ್ತೆ. ಬೆಲ್ಟಿಗಿಂತ ಸ್ವಲ್ಪ ಮೇಲೆ ತುದಿ ಒಂದು ಕಾಲುವೆಗೆ ಬಿದ್ದ ಹಾಗೆ ಟಕ್ ಅಂತ ನಿಂತ್ರೆ ಆ ಕೇಸ್ ಮುಗೀತು. ಹೊರಗಡೆ ಅದೇ ಜಾಗದಲ್ಲಿ ಹೊಳೆಯೋ ಉಂಗುರ ಕಾಣಿಸಿದ್ರೂ ಅಷ್ಟೇ. ಬಾಯಿಯನ್ನ ಇಕ್ಕಳದಲ್ಲಿ ಜಜ್ಜಿ ಎಸೀರಿ, ಮತ್ತೆ ಯಾರೂ ತುಂಬಬಾರದು. ಇದನ್ನ ಪ್ರತಿ ಸಲ, ಪ್ರತಿ ಕೇಸಿಗೂ ಮಾಡಿ.

ಉದ್ದ 2.620 ದಾಟಿದ್ರೆ 2.610ಗೆ ಟ್ರಿಮ್ ಮಾಡಿ, ಒಳಗೂ ಹೊರಗೂ ಅಂಚು ನಯ ಮಾಡಿ. ನೆಕ್ ಉದ್ದ ಆದ್ರೆ ಚೇಂಬರಿನ ತುದಿಗೆ ತಾಗಿ ಬುಲೆಟ್ ಬಿಡದ ಹಾಗೆ ಹಿಡಿಯುತ್ತೆ, ಪ್ರೆಶರ್ ಒಮ್ಮೆಲೇ ಏರುತ್ತೆ. ಪ್ರೈಮರ್ ಪಾಕೆಟ್ ಕ್ಲೀನ್ ಮಾಡಿ, ಹೊಸ ಪ್ರೈಮರ್ ಕೇಸಿನ ಬುಡಕ್ಕಿಂತ ಕೂದಲೆಳೆಯಷ್ಟು ಒಳಗೆ ಕೂರ್ಬೇಕು, ಬೆರಳು ಸವರಿ ನೋಡಿ, ಉಬ್ಬಿರಬಾರದು. ಸಲೀಸಾಗಿ ಒಳಗೆ ಹೋಯ್ತು ಅಂದ್ರೆ ಪಾಕೆಟ್ ಸಡಿಲ ಆಗಿದೆ, ಆ ಕೇಸೂ ಕಸಕ್ಕೆ.

ಸೀಟಿಂಗ್ ಡೆಪ್ತ್

ನಿಮ್ಮ ರೈಫಲ್ಲಲ್ಲಿ ಬುಲೆಟ್ ಬ್ಯಾರೆಲ್‌ನ ಗೀರುಗಳಿಗೆ ಎಲ್ಲಿ ತಾಗುತ್ತೆ ಅಂತ ಮೊದಲು ಗೇಜಲ್ಲಿ ನೋಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಅಳತೆ ಬುಲೆಟ್ ತುದಿಯಿಂದ ತಗೋಬೇಡಿ, ತುದಿಗಳು ಒಂದಕ್ಕೊಂದು ಸಮ ಇರಲ್ಲ, ಓಜೈವ್‌ನಿಂದ (ಬುಲೆಟ್ ಮೂತಿಯ ಬಾಗಿದ ಭಾಗ) ತಗೊಳ್ಳಿ. ಸಾಮಾನ್ಯ ಬುಲೆಟ್‌ಗೆ 0.020ರಿಂದ 0.050 ಇಂಚು ದೂರ, ತಾಮ್ರದ್ದಕ್ಕೆ 0.050 ಅಥವಾ ಇನ್ನೂ ಜಾಸ್ತಿ. ಗೀರಿಗೆ ಒತ್ತಿ ಕೂರಿಸೋದು ಬೇಟೆ ತೋಟಾಕ್ಕೆ ಬೇಡವೇ ಬೇಡ, ಪ್ರೆಶರೂ ಏರುತ್ತೆ, ಹೊಡೀದೇ ಇರೋ ತೋಟಾ ಸಂಜೆ ಹೊರಗೆ ತೆಗೆಯೋವಾಗ ಬುಲೆಟ್ ಬ್ಯಾರೆಲ್ಲಲ್ಲೇ ಉಳಿದು ಮದ್ದೆಲ್ಲ ಆಕ್ಷನ್ ಒಳಗೆ ಚೆಲ್ಲುತ್ತೆ. ಎಷ್ಟೋ ರೈಫಲ್‌ಗಳಲ್ಲಿ ಗೀರಿನ ಹತ್ರ ಹೋಗೋ ಮುಂಚೆ ಮ್ಯಾಗಜಿನ್ನೇ ಅಡ್ಡ ಬರುತ್ತೆ. ಮ್ಯಾಗಜಿನ್‌ಗೆ ಹಿಡಿಯೋ ಉದ್ದನೇ ನಿಮ್ಮ ಉದ್ದ, ಬೇಜಾರು ಬೇಡ.

ವಿನ್ ಮ್ಯಾಗ್‌ನ ನೆಕ್ 0.264 ಇಂಚು, ಬುಲೆಟ್ ವ್ಯಾಸಕ್ಕಿಂತ್ಲೂ ಗಿಡ್ಡ. ಮೊದಲಿಂದ್ಲೂ ಇದಕ್ಕೆ ಇದೊಂದು ದೂರು. ಬುಲೆಟ್ ಸೊಟ್ಟ ಕೂರೋ ಸಾಧ್ಯತೆ ಜಾಸ್ತಿ, ಅದಕ್ಕೆ ಸೀಟ್ ಮಾಡೋವಾಗ ಅರ್ಧ ಕೂರಿಸಿ, ಕೇಸ್ ಅರ್ಧ ಸುತ್ತು ತಿರುಗಿಸಿ, ಪೂರ್ತಿ ಕೂರಿಸಿ.

ಮದ್ದು ತುಂಬೋದು

ಟೇಬಲ್ ಮೇಲೆ ಒಂದೇ ಒಂದು ಮದ್ದಿನ ಡಬ್ಬಿ. ಎರಡನೇದು ರೂಮಲ್ಲೇ ಕಾಣ್ಬಾರ್ದು. ನಿಧಾನ ಮದ್ದು ಎರಡು ಸಲ ಹಾಕಿದ್ರೆ ಕೇಸ್ ತುಂಬಿ ಚೆಲ್ಲುತ್ತೆ, ಅದು ಗೊತ್ತಾಗುತ್ತೆ, ಗೊತ್ತಾಗದ ಅಪಾಯ ಅಂದ್ರೆ ಡಬ್ಬಿ ಅದಲು ಬದಲಾಗೋದು, ಪಿಸ್ತೂಲಿನ ವೇಗದ ಮದ್ದು ಈ ಕೇಸಿಗೆ ಬಿದ್ರೆ ರೈಫಲ್ ಸಿಡಿಯುತ್ತೆ. ಕೆಲಸ ಮುಗಿದ ಕೂಡಲೇ ಮೆಷರ್‌ನಲ್ಲಿ ಉಳಿದಿರೋದನ್ನ ಅದರ ಡಬ್ಬಿಗೇ ವಾಪಸ್ ಹಾಕಿ.

ಮ್ಯಾನ್ಯುಯಲ್‌ನ ಸ್ಟಾರ್ಟಿಂಗ್ ಲೋಡಿಂದ ಶುರು ಮಾಡಿ, ಅದಕ್ಕಿಂತ ಮೇಲಿಂದಲೂ ಬೇಡ, ಕೆಳಗಿಂದಲೂ ಬೇಡ. ಕಮ್ಮಿ ಹಾಕಿದ್ರೆ ಸೇಫು ಅನ್ನೋದು ನಿಧಾನ ಮದ್ದಿಗೆ ನಡೆಯಲ್ಲ, ದೊಡ್ಡ ಕೇಸಲ್ಲಿ ಮದ್ದು ತೀರಾ ಕಮ್ಮಿ ಆದ್ರೆ ಬೆಂಕಿ ಸರಿಯಾಗಿ ಹತ್ತದೆ ಪ್ರೆಶರ್ ಹುಚ್ಚಾಪಟ್ಟೆ ಏರಿದ ಪ್ರಸಂಗಗಳಿವೆ. ಪ್ರತಿ ಚಾರ್ಜ್ ತೂಗಿ, ಎಲ್ಲ ಕೇಸ್ ಬ್ಲಾಕಲ್ಲಿ ಇಟ್ಟು ಟಾರ್ಚ್ ಬಿಟ್ಟು ಒಂದೇ ಮಟ್ಟ ಇದೆಯಾ ನೋಡಿ, ಆಮೇಲೇ ಬುಲೆಟ್. ಟಿವಿ, ಫೋನ್, ಮಾತು ಎಲ್ಲ ಬಂದ್.

ರೇಂಜಲ್ಲಿ

ಮೊದಲ ದಿನ ಗ್ರೂಪ್ (ಟಾರ್ಗೆಟ್ ಮೇಲೆ ಈಡುಗಳು ಎಷ್ಟು ಹತ್ತಿರ ಬಿದ್ದವು ಅನ್ನೋದು) ಬಗ್ಗೆ ತಲೆ ಕೆಡಿಸ್ಕೋಬೇಡಿ, ಪ್ರೆಶರ್ ನೋಡೋದಷ್ಟೇ ಕೆಲಸ. ಅರ್ಧ ಅರ್ಧ ಗ್ರೇನ್ ಏರಿಸ್ತಾ ಒಂದೊಂದು ಹಂತಕ್ಕೆ ಒಂದೊಂದು ತೋಟಾ, ಕೆಳಗಿಂದ ಮೇಲಕ್ಕೆ. ಪ್ರತಿ ಈಡಾದ ಮೇಲೂ ಬೋಲ್ಟ್ ಎಷ್ಟು ಸಲೀಸಾಗಿ ಏಳ್ತು ಅಂತ ಕೈಗೆ ಗಮನ ಕೊಡಿ, ಕೇಸ್ ತಗೊಂಡು ಬುಡ ನೋಡಿ. ಬೋಲ್ಟ್ ಎತ್ತೋಕೆ ಬಿಗಿ ಅನ್ನಿಸಿದ್ರೆ, ಬುಡದ ಅಕ್ಷರಗಳ ಮೇಲೆ ಎಜೆಕ್ಟರಿನ (ಖಾಲಿ ಕೇಸ್ ಹೊರಗೆ ಚಿಮ್ಮಿಸೋ ಪಿನ್) ಹೊಳೆಯೋ ಗುಂಡು ಗುರುತು ಬಿದ್ದಿದ್ರೆ, ಪ್ರೈಮರ್ ಸುತ್ತ ಕಪ್ಪು ಹೊಗೆ ಇದ್ರೆ ಅಲ್ಲಿಗೆ ನಿಲ್ಲಿಸಿ, ಅದಕ್ಕಿಂತ ಮೇಲಿನ ತೋಟಾಗಳನ್ನ ಮನೆಗೆ ತಂದು ಬಿಚ್ಚಿ. ಪ್ರೈಮರ್ ಚಪ್ಪಟೆ ಆಗೋದು ಮಾತ್ರ ನಂಬೋ ಲಕ್ಷಣ ಅಲ್ಲ, ಮ್ಯಾಗ್ನಮ್‌ನಲ್ಲಿ ಸರಿಯಾದ ಲೋಡಲ್ಲೂ ಚಪ್ಪಟೆ ಆಗುತ್ತೆ, ಕೆಲವೊಮ್ಮೆ ಮಿತಿ ದಾಟಿದ್ರೂ ಗುಂಡಗೇ ಇರುತ್ತೆ.

ಇದಕ್ಕಿಂತ ನಂಬಿಕಸ್ತ ಸಾಕ್ಷಿ ಕ್ರೋನೋಗ್ರಾಫ್. ಮ್ಯಾನ್ಯುಯಲ್ ತನ್ನ ಮ್ಯಾಕ್ಸಿಮಮ್ ಲೋಡಿಗೆ ಇಂತಿಷ್ಟು ಸ್ಪೀಡ್ ಅಂತ ಬರೆದಿರುತ್ತೆ. ನಿಮಗೆ ಅದಕ್ಕಿಂತ ಎರಡು ಗ್ರೇನ್ ಕೆಳಗೇ ಆ ಸ್ಪೀಡ್ ಬಂತು ಅಂದ್ರೆ ಪುಕ್ಕಟೆ ಸಿಕ್ಕಿದ್ದಲ್ಲ, ಪ್ರೆಶರೂ ಅಷ್ಟೇ ಬಂದಿದೆ ಅಂತ ಅರ್ಥ, ನಿಮ್ಮ ಮಿತಿ ಅದೇ. ಬ್ಯಾರೆಲ್ ಉದ್ದದ ಲೆಕ್ಕ ಮಾತ್ರ ಹಿಡೀರಿ, ಇಂಚಿಗೆ ಸುಮಾರು 20ರಿಂದ 30 ಅಡಿ ಹೆಚ್ಚು ಕಮ್ಮಿ. ಟ್ರಿಗರ್ ಒತ್ತಿ ಟಕ್ ಅಂದು ಈಡು ಹಾರದೆ ಹೋದ್ರೆ ಬ್ಯಾರೆಲ್ ಟಾರ್ಗೆಟ್ ಕಡೆಗೇ ಇಟ್ಟು ಒಂದು ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆಗೀರಿ. ಶಬ್ದ ಮೆತ್ತಗೆ ಬಂದ್ರೆ ಬ್ಯಾರೆಲ್ ಒಳಗೆ ಬುಲೆಟ್ ಸಿಕ್ಕಿದೆಯಾ ನೋಡ್ದೆ ಮುಂದಿನದು ಹೊಡೀಬೇಡಿ.

ಎರಡನೇ ಹಂತದಲ್ಲಿ ಮಿತಿಗಿಂತ ಸ್ವಲ್ಪ ಕೆಳಗಿನ ಎರಡು ಮೂರು ಚಾರ್ಜ್ ಆರಿಸಿ, ತಲಾ 5 ತೋಟಾ ಮಾಡಿ, 100 ಗಜದಲ್ಲಿ ಹೊಡೀರಿ. ಬ್ಯಾರೆಲ್ ತಣಿಯೋಕೆ ಬಿಡಿ, ತೆಳು ಬೇಟೆ ಬ್ಯಾರೆಲ್ ಮೂರು ಈಡಿಗೇ ಮುಟ್ಟೋಕಾಗದಷ್ಟು ಕಾಯುತ್ತೆ, ಒದೆತಕ್ಕೆ ನಿಮ್ಮ ಭುಜನೂ ಸುಸ್ತಾಗುತ್ತೆ, ಆಮೇಲೆ ಬರೋ ಗ್ರೂಪ್ ಲೋಡಿನ ಬಗ್ಗೆ ಏನೂ ಹೇಳಲ್ಲ.

ಜನ ಎಡವೋದು ಈ ನಂಬರ್‌ಗಳಲ್ಲೇ. ಐದು ಈಡಿಗೆ ಕ್ರೋನೋಗ್ರಾಫ್ ಸ್ಟ್ಯಾಂಡರ್ಡ್ ಡೀವಿಯೇಷನ್ (ಈಡಿಂದ ಈಡಿಗೆ ಸ್ಪೀಡ್ ಎಷ್ಟು ಏರುಪೇರು ಅನ್ನೋ ಲೆಕ್ಕ) 10 ಅಂತ ತೋರಿಸಿದ್ರೆ ನಿಜವಾದ್ದು 6 ಇರ್ಬಹುದು, 28 ಕೂಡ ಇರ್ಬಹುದು, ಐದು ಸ್ಯಾಂಪಲ್ಲಿಗೆ ಗಣಿತ ಅಷ್ಟೇ ಹೇಳೋದು. ಹಾಗಿರೋವಾಗ ಒಂದು ಚಾರ್ಜಿಗೆ 8, ಇನ್ನೊಂದಕ್ಕೆ 13 ಬಂತು ಅಂತ ಮೊದಲನೇದೇ ಬೆಸ್ಟ್ ಅನ್ನೋಕಾಗಲ್ಲ. ಮೂರು ಈಡಿನ ಗ್ರೂಪಿನ ಕಥೆನೂ ಅದೇ, ಒಂದು ಗ್ರೂಪ್ ಅರ್ಧ ಇಂಚು ಬಂತು ಅಂತ ಫೋಟೋ ತೆಗೆದು ಹಾಕ್ತಾರೆ, ಅದೇ ಲೋಡಲ್ಲಿ 10 ಹೊಡೆದ್ರೆ ಒಂದೂವರೆ ಇಂಚು ಆಗಿರುತ್ತೆ. ಬೇಟೆಗೆ ಒಂದೂವರೆ ಇಂಚು ಬೇಕಾದಷ್ಟಾಯ್ತು. 300 ಗಜದಲ್ಲಿ ಅದು ನಾಲ್ಕೂವರೆ ಇಂಚು, ಎಲ್ಕ್‌ನ ಎದೆಗೂಡಿನ ಆಯಕಟ್ಟಿನ ಜಾಗ ಒಂದು ಅಡಿಗಿಂತ ಅಗಲ. ಸ್ಪೀಡಲ್ಲಿ 30 ಅಡಿ ಹೆಚ್ಚು ಕಮ್ಮಿ ಆದ್ರೂ 300 ಗಜದಲ್ಲಿ ಮೇಲೆ ಕೆಳಗೆ ಆಗೋದು ಅರ್ಧ ಇಂಚಿನ ಆಸುಪಾಸು ಅಷ್ಟೇ. ಎರಡು ಚಾರ್ಜ್ ಹೆಚ್ಚು ಕಮ್ಮಿ ಸಮ ಇದ್ರೆ ಕಮ್ಮಿ ಇರೋದನ್ನ ತಗೊಳ್ಳಿ, ಕೇಸ್ ಜಾಸ್ತಿ ದಿನ ಬಾಳುತ್ತೆ, ಬಿಸಿಲಿಗೂ ಸ್ವಲ್ಪ ಜಾಗ ಉಳಿಯುತ್ತೆ.

ಗ್ರೂಪ್ ಎರಡು ಇಂಚಿಗಿಂತ ಮೇಲೇ ನಿಂತ್ರೆ ಚಾರ್ಜ್ ಹಾಗೇ ಇಟ್ಟು ಸೀಟಿಂಗ್ ಡೆಪ್ತ್ 0.020 ಇಂಚಿನ ಹೆಜ್ಜೇಲಿ ಒಳಗೆ ತಗೊಂಡು ಹೋಗಿ, ಹೊಸ ಉದ್ದಕ್ಕೂ ಪ್ರೆಶರ್ ಲಕ್ಷಣ ನೋಡ್ತಾ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಸ್ಕೋಪ್ ಮೌಂಟ್ ಸ್ಕ್ರೂ ಟೈಟ್ ಇದೆಯಾ ನೋಡಿ, ಆಮೇಲೆ ಬುಲೆಟ್ ಬದಲಾಯಿಸಿ. ಕೆಲವು ಬ್ಯಾರೆಲ್‌ಗೆ ಕೆಲವು ಬುಲೆಟ್ ಹಿಡಿಸಲ್ಲ, ಅದರ ಮೇಲೆ ಹಠ ಮಾಡಿ ಡಬ್ಬಿಗಟ್ಟಲೆ ಮದ್ದು ಸುಡೋದು ಬೇಡ.

ಸೀಸನ್‌ಗೆ ಮುಂಚೆ

ಲೋಡ್ ಸಿಕ್ತು ಅಂದ್ರೆ ಒಂದೇ ಲಾಟ್ ಮದ್ದು, ಒಂದೇ ಲಾಟ್ ಪ್ರೈಮರಲ್ಲಿ ಆ ಸೀಸನ್ನಿಗೆ ಬೇಕಾದಷ್ಟೂ ಒಟ್ಟಿಗೇ ಮಾಡಿ. ಬಾಕ್ಸ್ ಮೇಲೆ ತಾರೀಕು, ಬುಲೆಟ್, ಮದ್ದು, ಲಾಟ್ ನಂಬರ್, ಚಾರ್ಜ್, ಪ್ರೈಮರ್, ಕೇಸ್ ಬ್ರ್ಯಾಂಡ್, ಎಷ್ಟನೇ ಸಲ ತುಂಬಿದ್ದು, ಉದ್ದ, ಎಲ್ಲ ಬರೀರಿ. ಲೇಬಲ್ ಇಲ್ಲದ ತೋಟಾನ ಬಿಚ್ಚಿ ಹಾಕಿ, ಊಹೆ ಮಾಡಿ ಹೊಡೀಬೇಡಿ. ಬೇಟೆಗೆ ಒಯ್ಯೋ ಪ್ರತಿಯೊಂದನ್ನೂ ರೇಂಜಲ್ಲಿ, ಬ್ಯಾರೆಲ್ ಗುಡ್ಡದ ಕಡೆ ಇಟ್ಟು, ಮ್ಯಾಗಜಿನ್ನಿಂದ ಚೇಂಬರಿಗೆ ಹಾಕಿ ತೆಗೆದು ನೋಡಿ. ಯಾವುದಾದ್ರೂ ಬಿಗಿ ಅನ್ನಿಸಿದ್ರೆ ಅದು ಪ್ರಾಕ್ಟೀಸ್ ಬಾಕ್ಸಿಗೆ ಹೋಗ್ಲಿ.

ಆಮೇಲೆ ಬೇರೆ ಬೇರೆ ದಿನ ಹೋಗಿ ತಣ್ಣಗಿರೋ ಬ್ಯಾರೆಲ್‌ನಿಂದ ಒಂದೇ ಒಂದು ಈಡು, ಒಂದೇ ಟಾರ್ಗೆಟ್ ಹಾಳೆ ಮೇಲೆ. ಬೆಟ್ಟದಲ್ಲಿ ನಿಮಗೆ ಸಿಗೋದು ಆ ಮೊದಲ ಈಡೇ, ಹಾಗಾಗಿ ಆ ಹಾಳೆ ಮೇಲಿನ ತೂತುಗಳೇ ನಿಮ್ಮ ರೈಫಲ್ಲಿನ ನಿಜವಾದ ಗ್ರೂಪ್. ಬೇಟೆ ದಿನ ತೋಟಾಗಳನ್ನ ಟ್ರಕ್ಕಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡ್ಬೇಡಿ.

ಕೊನೇದಾಗಿ ಊರಿಗೆ ಹೊರಡೋರಿಗೆ. ರೇಂಜಿಗೆ ಒಯ್ಯೋ ಬ್ಯಾಗಲ್ಲಿ, ಜಾಕೆಟ್ ಜೇಬಲ್ಲಿ, ಕ್ಯಾಮೆರಾ ಪೌಚಲ್ಲಿ ಒಂದು ತೋಟಾ ಉಳಿದಿದ್ರೂ ಇಂಡಿಯಾದ ಏರ್‌ಪೋರ್ಟಲ್ಲಿ ಆರ್ಮ್ಸ್ ಆಕ್ಟ್ ಕೇಸ್ ಆಗುತ್ತೆ, ಖಾಲಿ ಕೇಸ್ ಸಿಕ್ಕಿದ್ರೂ ವಿಚಾರಣೆ ತಪ್ಪಲ್ಲ. ಬೇಟೆಗೆ, ರೇಂಜಿಗೆ ಒಂದು ಬ್ಯಾಗ್ ಬೇರೆಯೇ ಇಟ್ಕೊಳ್ಳಿ, ಅದನ್ನ ಬೆಂಗಳೂರು ಫ್ಲೈಟಿಗೆ ಯಾವತ್ತೂ ಒಯ್ಯಬೇಡಿ, ಬೇಟೆ ಜಾಕೆಟ್ ಒಯ್ಯೋದಾದ್ರೆ ಎಲ್ಲ ಜೇಬು ಒಳಗಿಂದ ಹೊರಗೆ ತಿರುವಿ ನೋಡಿಯೇ ಪ್ಯಾಕ್ ಮಾಡಿ.